ಆರೋಗ್ಯ ವಿಮೆ ಮತ್ತು ಚಿಕಿತ್ಸಾ ವೆಚ್ಚ (ಕರ್ನಾಟಕ)

ವಿಮೆಯು ರೋಗಿಯ ಕೈಯಿಂದ ಹೋಗುವ ಹಣವನ್ನಷ್ಟೇ ಅಲ್ಲ, ಆಸ್ಪತ್ರೆ ಹೇಳುವ ದರವನ್ನೂ ಬದಲಿಸುತ್ತದೆ. ಕರ್ನಾಟಕದಲ್ಲಿ ಇದರ ಮೊದಲ ದೊಡ್ಡ ಪ್ರಯೋಗ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಕಲ್ಪನೆಯ ಈ ಯೋಜನೆಯಲ್ಲಿ ಸಹಕಾರ ಸಂಘದ ರೈತ ಸದಸ್ಯ ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ನಿಗದಿತ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ಆಗುತ್ತಿದ್ದವು. ಲಕ್ಷಾಂತರ ಸದಸ್ಯರ ಪರವಾಗಿ ಒಂದೇ ಕಡೆ ಚೌಕಾಶಿ ನಡೆದದ್ದರಿಂದ ಆಸ್ಪತ್ರೆಗಳು ಕಡಿಮೆ ಪ್ಯಾಕೇಜ್ ದರಕ್ಕೆ ಒಪ್ಪಿದವು. ಒಂಟಿ ರೋಗಿಗೆ ಎಂದೂ ಇಲ್ಲದ ಶಕ್ತಿ ಇದು.

ಬಡವರ ಉನ್ನತ ಚಿಕಿತ್ಸೆಗಾಗಿ ಇದ್ದ ರಾಜ್ಯದ ಯೋಜನೆ ವಾಜಪೇಯಿ ಆರೋಗ್ಯಶ್ರೀ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನ, ಉನ್ನತ ಚಿಕಿತ್ಸೆಗೆ ದಾಖಲಾದ ಬಡವರ ಸ್ವಂತ ಖರ್ಚು ಶೇ. 34ರಷ್ಟು ಇಳಿದದ್ದನ್ನು ತೋರಿಸಿತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪದಂಥ ಊರಿನವರಿಗೆ ನಗರದ ಮೆಗ್ಗಾನ್ ಆಸ್ಪತ್ರೆಯೇ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ. ಅಲ್ಲಿ ಸಿಗದ ಚಿಕಿತ್ಸೆಗೆ ಈ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಸಂದರ್ಭ ಬಿಟ್ಟು, ರೆಫರಲ್ ಪತ್ರ ಬೇಕು. ಬಸ್ ಚಾರ್ಜು, ಜೊತೆಗಿರುವವರ ಊಟ, ತಪ್ಪಿದ ಕೂಲಿ, ಬಿಪಿ–ಸಕ್ಕರೆ ಕಾಯಿಲೆಗೆ ಹೊರಗೆ ಕೊಳ್ಳುವ ತಿಂಗಳ ಮಾತ್ರೆ ಸಾಮಾನ್ಯವಾಗಿ ಪ್ಯಾಕೇಜಿನಲ್ಲಿ ಸೇರುವುದಿಲ್ಲ. ಬಡ ಮನೆಯ ಸಾಲ ಬಹಳ ಸಲ ಹುಟ್ಟುವುದು ಇಲ್ಲಿಯೇ.