ಆ್ಯಪ್ ಸ್ಟೋರ್ ಮತ್ತು ಫೋನಿನ ಯಂತ್ರಾಂಶ

ಮೊಬೈಲ್ ಆ್ಯಪ್‌ಗಳನ್ನು ಪರಿಶೀಲಿಸಿ, ಪಟ್ಟಿಮಾಡಿ, ಬಳಕೆದಾರರಿಗೆ ಒದಗಿಸುವ ಅಂತರ್ಜಾಲ ಮಳಿಗೆಯೇ ಆ್ಯಪ್ ಸ್ಟೋರ್. ಆ್ಯಪಲ್‌ನ ಆ್ಯಪ್ ಸ್ಟೋರ್, ಗೂಗಲ್‌ನ ಪ್ಲೇ ಸ್ಟೋರ್ ಇಂಥ ಮಳಿಗೆಗಳಲ್ಲಿ ಪ್ರಮುಖವಾದವು. ಒಬ್ಬರ ಫೋನಿಗೆ ಸಿಗುವ ಆ್ಯಪ್ ಇನ್ನೊಬ್ಬರ ಫೋನಿಗೆ ಸಿಗದಿರಲು ಎರಡು ಮುಖ್ಯ ಕಾರಣಗಳಿವೆ: ಫೋನಿನ ಯಂತ್ರಾಂಶದ ಮಿತಿ ಮತ್ತು ಮಳಿಗೆ ನಡೆಸುವ ಕಂಪನಿಯ ನಿಯಮ. ಎರಡರ ಹೊರೆಯೂ ಹೆಚ್ಚಾಗಿ ಬೀಳುವುದು ಹಳೆಯ ಇಲ್ಲವೇ ಅಗ್ಗದ ಫೋನ್ ಬಳಸುವವರ ಮೇಲೆ.

ಹಿನ್ನೆಲೆ

ಆ್ಯಪಲ್ ತನ್ನ ಮಳಿಗೆಯನ್ನು 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಆ್ಯಂಡ್ರಾಯ್ಡ್ ಮಾರ್ಕೆಟ್, 2012ರ ಮಾರ್ಚ್‌ನಲ್ಲಿ ಗೂಗಲ್ ಪ್ಲೇ ಎಂದು ಹೆಸರು ಬದಲಿಸಿಕೊಂಡಿತು. ಐಫೋನಿನ ವಿನ್ಯಾಸ, ಕಾರ್ಯಾಚರಣಾ ವ್ಯವಸ್ಥೆ, ಮಳಿಗೆ ಮೂರೂ ಒಂದೇ ಕಂಪನಿಯ ಕೈಯಲ್ಲಿವೆ. ಆ್ಯಂಡ್ರಾಯ್ಡ್ ಫೋನುಗಳನ್ನು ಹತ್ತಾರು ಕಂಪನಿಗಳು ತಯಾರಿಸುವುದರಿಂದ ಪರದೆ, ಪ್ರೊಸೆಸರ್, ರ‍್ಯಾಮ್, ಸೆನ್ಸರ್‌ಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತವೆ.

ಆ್ಯಪ್‌ಗಳನ್ನು ಸೋಸುವ ಬಗೆ

ಪ್ರತಿ ಆ್ಯಂಡ್ರಾಯ್ಡ್ ಆ್ಯಪ್‌ನೊಳಗೆ ಮ್ಯಾನಿಫೆಸ್ಟ್ ಎಂಬ ಕಡತವಿರುತ್ತದೆ. ಕನಿಷ್ಠ ಎಷ್ಟನೆಯ ಆವೃತ್ತಿಯ ಆ್ಯಂಡ್ರಾಯ್ಡ್ ಬೇಕು, ಯಾವ ಸೆನ್ಸರ್ ಇರಲೇಬೇಕು ಎಂಬುದನ್ನು ಆ್ಯಪ್ ತಯಾರಕರು ಅದರಲ್ಲಿ ನಮೂದಿಸುತ್ತಾರೆ. ಪ್ಲೇ ಸ್ಟೋರ್ ಈ ವಿವರವನ್ನು ಫೋನಿನೊಂದಿಗೆ ತಾಳೆ ನೋಡುತ್ತದೆ. ಹೊಂದದಿದ್ದರೆ ಆ್ಯಪ್ ಹುಡುಕಾಟದಲ್ಲಿ ಕಾಣದೇ ಹೋಗಬಹುದು, ಇಲ್ಲವೇ ಈ ಸಾಧನಕ್ಕೆ ಹೊಂದುವುದಿಲ್ಲ ಎಂಬ ಸೂಚನೆ ಬರುತ್ತದೆ. ಕೆಲವೊಮ್ಮೆ ಆ್ಯಪ್ ಇನ್‌ಸ್ಟಾಲ್ ಆದರೂ ಅದರ ಒಂದು ಸೌಲಭ್ಯ ಮಾತ್ರ ಸಿಗುವುದಿಲ್ಲ: ಎನ್‌ಎಫ್‌ಸಿ ಚಿಪ್ ಇಲ್ಲದ ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಕಳಿಸಬಹುದು, ಯಂತ್ರಕ್ಕೆ ಫೋನ್ ತಾಗಿಸಿ ಪಾವತಿಸಲಾಗದು.

ಪ್ರೊಸೆಸರ್ ಬದಲಾವಣೆ

32-ಬಿಟ್‌ನಿಂದ 64-ಬಿಟ್ ಪ್ರೊಸೆಸರ್‌ಗೆ ಆದ ಬದಲಾವಣೆ ಎರಡೂ ದಿಕ್ಕಿನಲ್ಲಿ ತೊಡಕು ತಂದಿತು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 11ರಲ್ಲಿ 32-ಬಿಟ್ ಆ್ಯಪ್‌ಗಳು ನಡೆಯಲಿಲ್ಲ. ಐಫೋನ್ 5 ಮತ್ತು 5ಸಿ ಮಾದರಿಗಳಿಗೆ ಆ ಆವೃತ್ತಿಯೇ ಸಿಗಲಿಲ್ಲ. ಪ್ಲೇ ಸ್ಟೋರ್ 2019ರ ಆಗಸ್ಟ್‌ನಿಂದ ಆ್ಯಪ್ ತಯಾರಕರಿಗೆ 64-ಬಿಟ್ ಆವೃತ್ತಿಯನ್ನು ಕಡ್ಡಾಯ ಮಾಡತೊಡಗಿತು. 2022ರಲ್ಲಿ ಬಂದ ಪಿಕ್ಸೆಲ್ 7 ಫೋನಿಗೆ 32-ಬಿಟ್ ಮಾತ್ರ ಇರುವ ಹಳೆಯ ಆ್ಯಪ್‌ಗಳನ್ನು ಹಾಕಲಾಗದು. ಹಳೆಯ ಫೋನ್ ಹೊಸ ಆ್ಯಪನ್ನು ತಾಳಿಕೊಳ್ಳದಂತೆ, ಹೊಸ ಫೋನೂ ಹಳೆಯ ಆ್ಯಪನ್ನು ಒಪ್ಪದಿರಬಹುದು.

ಅಗ್ಗದ ಫೋನುಗಳು

1 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇರುವ ಫೋನುಗಳಿಗಾಗಿ ಗೂಗಲ್ 2017ರಲ್ಲಿ ಆ್ಯಂಡ್ರಾಯ್ಡ್ ಗೋ ಆವೃತ್ತಿಯನ್ನು ಹೊರತಂದಿತು. ಅದೇ ವರ್ಷ ಭಾರತದಲ್ಲಿ ಬಂದ ಜಿಯೋಫೋನಿನಲ್ಲಿದ್ದದ್ದು 512 ಎಂಬಿ ರ‍್ಯಾಮ್, 2.4 ಇಂಚಿನ ಪರದೆ ಮತ್ತು ಕೈಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಅದಕ್ಕೆ ಪ್ಲೇ ಸ್ಟೋರ್ ಇರಲಿಲ್ಲ. ಪ್ರತ್ಯೇಕವಾಗಿ ಸಿದ್ಧಪಡಿಸಿದ ವಾಟ್ಸ್‌ಆ್ಯಪ್ 2018ರಲ್ಲಿ ಬಂದಿತು. 2024ರಲ್ಲಿ ಕೈಓಎಸ್‌ಗೆ ವಾಟ್ಸ್‌ಆ್ಯಪ್‌ನ ಹೊಸ ಡೌನ್‌ಲೋಡ್ ನಿಂತಿತು. ಫೋನ್ ಕೆಟ್ಟಿರದಿದ್ದರೂ ಅದರ ಮುಖ್ಯ ಉಪಯೋಗವೊಂದು ಹೀಗೆ ಕೈತಪ್ಪಬಹುದು. ಅಪ್‌ಡೇಟ್ ಸಿಗುವ ಅವಧಿಯೂ ಬೆಲೆಯೊಂದಿಗೆ ಬದಲಾಗುತ್ತದೆ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಏಳು ವರ್ಷಗಳ ಭರವಸೆಯಿದೆ. ಅಗ್ಗದ ಮಾದರಿಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ.

ಕನ್ನಡ ಬಳಕೆ

ಆ್ಯಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಅನೇಕ ಫೋನುಗಳಲ್ಲಿ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಅಪ್‌ಡೇಟ್ ಸಿಗದ ಫೋನಿನವರಿಗೆ, ಕನ್ನಡದ ಆ್ಯಪ್ ಮಳಿಗೆಯಲ್ಲಿದ್ದರೂ ಅದನ್ನು ಓದುವುದು ಕಷ್ಟವಾಗಿತ್ತು. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರ್, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಳಿಗೆಯನ್ನೇ ಒದಗಿಸುತ್ತದೆ.

ಮಳಿಗೆಯ ಅಧಿಕಾರ

ಯಂತ್ರಾಂಶ ಉತ್ತಮವಾಗಿದ್ದರೂ ಮಳಿಗೆ ಇಲ್ಲದೆ ಫೋನಿನ ಉಪಯೋಗ ಕುಗ್ಗುತ್ತದೆ. 2019ರಲ್ಲಿ ಅಮೆರಿಕದ ನಿರ್ಬಂಧದ ನಂತರ ಹುವಾವೇ ತನ್ನ ಮೇಟ್ 30 ಫೋನನ್ನು ಗೂಗಲ್ ಸೇವೆಗಳಿಲ್ಲದೆ ಬಿಡುಗಡೆ ಮಾಡಬೇಕಾಯಿತು. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗೂಗಲ್‌ಗೆ ಎರಡು ಪ್ರಕರಣಗಳಲ್ಲಿ 1,337.76 ಕೋಟಿ ಮತ್ತು 936.44 ಕೋಟಿ ರೂಪಾಯಿ ದಂಡ ವಿಧಿಸಿತು. ಎರಡನೆಯದು ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗೆ ಸಂಬಂಧಿಸಿದ್ದು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. 2024ರ ಮಾರ್ಚ್‌ನಲ್ಲಿ ಶುಲ್ಕದ ವಿವಾದದಿಂದ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮುಂತಾದ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆಯಲಾಯಿತು, ಬಳಿಕ ಮತ್ತೆ ಸೇರಿಸಲಾಯಿತು. ಯುರೋಪ್ ಒಕ್ಕೂಟದ ಕಾನೂನಿನಿಂದಾಗಿ ಅದೇ ತಿಂಗಳು ಅಲ್ಲಿನ ಐಫೋನುಗಳಿಗೆ ಬೇರೆ ಮಳಿಗೆಗಳಿಂದಲೂ ಆ್ಯಪ್ ಪಡೆಯುವ ಅವಕಾಶ ದೊರೆಯಿತು.

ಮಳಿಗೆಯ ಹೊರಗಿನಿಂದ ಆ್ಯಪ್‌ನ ಕಡತವನ್ನು (ಎಪಿಕೆ) ಇಳಿಸಿಕೊಳ್ಳುವುದು ಆ್ಯಂಡ್ರಾಯ್ಡ್‌ನಲ್ಲಿರುವ ಇನ್ನೊಂದು ದಾರಿ. ಇದರಿಂದ ಮಳಿಗೆಯ ನಿಯಮವನ್ನು ದಾಟಬಹುದು. ಪ್ರೊಸೆಸರ್, ರ‍್ಯಾಮ್, ಚಿಪ್‌ಗಳ ಕೊರತೆ ಮಾತ್ರ ಇದರಿಂದ ನೀಗುವುದಿಲ್ಲ. ಬ್ಯಾಂಕ್ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ನಕಲಿ ಎಪಿಕೆಗಳು ವಂಚನೆಯ ಸಾಧನವೂ ಆಗಿರುವುದರಿಂದ, ಅಪರಿಚಿತ ಮೂಲದ ಕಡತಗಳನ್ನು ಇನ್‌ಸ್ಟಾಲ್ ಮಾಡುವುದು ಅಪಾಯಕರ.