ನಡುವೆ ಕೂತವರು

ವಾಹನಗಳ ಚರಿತ್ರೆ ಬರೆದವರೆಲ್ಲ ಎಂಜಿನ್ನಿನ ಬಗ್ಗೆ ಬರೆದಿದ್ದಾರೆ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ, ಯಾವ ಪಂದ್ಯದಲ್ಲಿ ಯಾರು ಗೆದ್ದರು, ಎಲ್ಲಕ್ಕೂ ಲೆಕ್ಕವಿದೆ. ಆದರೆ ಸೀಟಿನಲ್ಲಿ ಯಾರು ಯಾರು ಕೂತಿದ್ದರು, ಯಾರು ಯಾರಿಗೆ ಒತ್ತಿಕೊಂಡು ಕೂತಿದ್ದರು, ಯಾರ ಮೊಣಕಾಲಿಗೆ ಏನು ತಗಲುತ್ತಿತ್ತು ಎಂಬ ಲೆಕ್ಕ ಇಟ್ಟವರು ಕಡಿಮೆ. ಅರಮನೆಯ ಚರಿತ್ರೆಯಲ್ಲಿ ಅಡುಗೆಮನೆ ಬಿಟ್ಟುಹೋಗುವುದಿಲ್ಲವೇ, ಹಾಗೆ. ನಾನು ಇಲ್ಲಿ ಹೇಳಹೊರಟಿರುವುದು ಒಂದು ಗೇರ್ ಲಿವರಿನ ಕಥೆ. ಅದು ನೆಲದಿಂದ ಎದ್ದು ಸ್ಟೀರಿಂಗಿನ ಪಕ್ಕಕ್ಕೆ ಬಂದು, ಮತ್ತೆ ನೆಲಕ್ಕೆ ಇಳಿದ ಕಥೆ. ನಿಜಕ್ಕೂ ಇದು ಚಾಲಕನ ಪಕ್ಕದಲ್ಲಿ, ನಡುವೆ ಕೂತವರ ಕಥೆ.

ಮೊದಮೊದಲ ಮೋಟಾರು ವಾಹನಗಳಲ್ಲಿ ಗೇರ್ ಲಿವರ್ ಹೊರಗೆ, ಚಾಲಕನ ಬದಿಯಲ್ಲಿ ಇರುವುದೂ ಉಂಟಿತ್ತು. ಆಮೇಲೆ ಅದು ನೆಲದ ನಡುಮಧ್ಯಕ್ಕೆ ಬಂದು ನಿಂತಿತು. ಅದಕ್ಕೆ ಕಾರಣ ಸರಳ. ಗೇರ್ ಬಾಕ್ಸ್ ಇರುವುದು ನೆಲದ ಕೆಳಗೆ, ನಡುವೆ. ಅದರ ನೆತ್ತಿಯ ಮೇಲೆ ಒಂದು ಉದ್ದ ಕಡ್ಡಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಒರಳಿನ ಮೇಲೆ ಒನಕೆ ನಿಂತ ಹಾಗೆ ಅದು ನೇರ; ಕೀಲು, ಸಂದು ಯಾವುದರ ಗೊಡವೆಯೂ ಇಲ್ಲ. ತೊಂದರೆ ಇದ್ದದ್ದು ಒಂದೇ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದವಾಗಿದ್ದರೂ ನಡುವೆ ಕೂತವರ ಎರಡು ಕಾಲುಗಳ ನಡುವೆ ಆ ಕಡ್ಡಿ ನಿಂತಿರುತ್ತಿತ್ತು.

1938ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ ತನ್ನ ಪಾಂಟಿಯಾಕ್ ಕಾರಿನಲ್ಲಿ, ಹೆಚ್ಚಿನ ಹಣ ಕೊಟ್ಟವರಿಗೆ, ಈ ಲಿವರನ್ನು ಸ್ಟೀರಿಂಗ್ ಚಕ್ರದ ಕೆಳಗೆ, ಅದರ ಕಂಬಕ್ಕೇ ಜೋಡಿಸಿಕೊಟ್ಟಿತು. ಅದೇ ವರ್ಷ ದುಬಾರಿ ಕ್ಯಾಡಿಲಾಕ್‌ನಲ್ಲೂ ಅದು ಬಂತು. 1940ರ ಹೊತ್ತಿಗೆ ಅಲ್ಲಿನ ಬಹುಪಾಲು ಕಾರುಗಳಲ್ಲಿ ನೆಲ ಖಾಲಿಯಾಗಿತ್ತು. ಗೇರ್ ಬಾಕ್ಸ್ ಇದ್ದ ಜಾಗದಲ್ಲೇ ಇತ್ತು, ಹಿಡಿ ಮಾತ್ರ ಮೇಲೆ ಬಂದಿತ್ತು. ಟ್ರಕ್ಕುಗಳ ಸರದಿ ಬಂದದ್ದು ತಡವಾಗಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಶೆವ್ರೊಲೆ ಕಂಪೆನಿ ಮೂವರು ಕೂರುವಷ್ಟು ಅಗಲವಾದ ಹೊಸ ಕ್ಯಾಬಿನ್ನಿನ ಟ್ರಕ್ಕುಗಳನ್ನು ತಂದಿತು. ಮೂರು ಗೇರಿನ ಸಣ್ಣ ಟ್ರಕ್ಕುಗಳಲ್ಲಿ 1948ರಲ್ಲಿ ಲಿವರ್ ಕಂಬಕ್ಕೆ ಏರಿತು. ಭಾರದ ಕೆಲಸದ ನಾಲ್ಕು ಗೇರಿನವುಗಳಲ್ಲಿ ಅದು ನೆಲದಲ್ಲೇ ಉಳಿಯಿತು. ಅಮೆರಿಕದ ಜನ ಕಂಬದ ಗೇರಿಗೆ ತಮಾಷೆಯಾಗಿ 'ಮರದ ಮೇಲೆ ಮೂರು' ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಅದಕ್ಕೆ ಪ್ರಾಸವೂ ಕೂಡುತ್ತದೆ.

ಕಾರಿನಲ್ಲಿ ಹಿಂದೆ ಇನ್ನೊಂದು ಸೀಟು ಇರುತ್ತದೆ. ಪಿಕಪ್ ಟ್ರಕ್ಕಿನಲ್ಲಿ ಹಿಂದೆ ಇರುವುದು ಹುಲ್ಲು, ಗೊಬ್ಬರ, ಹಂದಿಮರಿ. ರೈತ ಪೇಟೆಗೆ ಹೊರಟರೆ ಹೆಂಡತಿ, ಮಗು ಕೂರಬೇಕಾದದ್ದು ಅದೇ ಒಂದು ಸೀಟಿನಲ್ಲಿ. ನಡುವೆ ಜಾಗವಿದ್ದರೆ ಹೋಗುವುದು, ಇಲ್ಲದಿದ್ದರೆ ಮನೆಯಲ್ಲೇ ಉಳಿಯುವುದು. ಹಾಗಾಗಿ ಆ ಕಡ್ಡಿ ಎದ್ದುಹೋದದ್ದು ಟ್ರಕ್ಕಿನವರ ಸಂಸಾರಕ್ಕೆ ಸಣ್ಣ ಸಂಗತಿಯಲ್ಲ.

ಹಿಡಿ ಮೇಲೆ, ಗೇರ್ ಬಾಕ್ಸ್ ಕೆಳಗೆ ಎಂದ ಮೇಲೆ ಎರಡನ್ನೂ ಕೂಡಿಸುವುದು ಹೇಗೆ? ನಮ್ಮ ಹಳೆಯ ಬಾಗಿಲುಗಳ ಚಿಲಕ ನೆನಪಿಸಿಕೊಳ್ಳಿ. ಮೊದಲು ಹಿಡಿಯನ್ನು ತಿರುವಿ ಅದರ ಕಚ್ಚಿನಿಂದ ಬಿಡಿಸಬೇಕು, ಆಮೇಲೆ ಸರಿಸಬೇಕು. ಒಂದೇ ಹಿಡಿ, ಎರಡು ಬಗೆಯ ಚಲನೆ. ಇದೂ ಹಾಗೆಯೇ. ಲಿವರನ್ನು ತನ್ನ ಕಡೆ ಎಳೆದುಕೊಂಡರೆ ಕಂಬದ ಬುಡದಲ್ಲಿರುವ ಎರಡು ಸಣ್ಣ ತೋಳುಗಳಲ್ಲಿ ಒಂದನ್ನು ಅದು ಹಿಡಿಯುತ್ತದೆ; ಆ ತೋಳಿನದು ಮೊದಲ ಗೇರು ಮತ್ತು ರಿವರ್ಸ್. ಆಚೆಗೆ ಬಿಟ್ಟರೆ ಇನ್ನೊಂದು ತೋಳನ್ನು ಹಿಡಿಯುತ್ತದೆ. ಅದರದು ಎರಡು ಮತ್ತು ಮೂರು. ಹಿಡಿದ ಮೇಲೆ ಲಿವರನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸಿದರೆ ಆ ತೋಳು ಒಂದು ಕಬ್ಬಿಣದ ಕಡ್ಡಿಯನ್ನು ನೂಕುತ್ತದೆ ಅಥವಾ ಎಳೆಯುತ್ತದೆ. ಕಡ್ಡಿಯ ಆಚೆ ತುದಿ ಗೇರ್ ಬಾಕ್ಸಿನ ಪಕ್ಕೆಯಲ್ಲಿರುವ ಇನ್ನೊಂದು ತೋಳಿಗೆ ಸೇರಿರುತ್ತದೆ.

ಒನಕೆಯಷ್ಟು ನೇರವಾಗಿದ್ದದ್ದು ಹೀಗೆ ಹತ್ತು ಕೀಲುಗಳ ಸಂಸಾರವಾಯಿತು. ಕೀಲು ಸವೆದರೆ, ನ್ಯೂಟ್ರಲ್‌ನಲ್ಲಿ ಬುಡದ ಎರಡು ತೋಳುಗಳೂ ಒಂದೇ ಸಾಲಿಗೆ ಬರುವುದಿಲ್ಲ. ಬರದಿದ್ದರೆ ಲಿವರ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಚಾಲಕ ಇಳಿದು ಬಾನೆಟ್ ಎತ್ತಿ, ಆ ತೋಳುಗಳನ್ನು ಕೈಯಿಂದ ಸರಿಪಡಿಸಿ, ಮೈಗೆ ಕೈಗೆ ಗ್ರೀಸ್ ಮೆತ್ತಿಕೊಂಡು ಮತ್ತೆ ಹತ್ತಬೇಕು. ಮೂರನೆಯವರಿಗೆ ಜಾಗ ಮಾಡಿಕೊಡಲು ತೆತ್ತ ಬೆಲೆ ಇದು.

ಇಷ್ಟಾಗಿ ಆ ಗೇರ್ ಬಾಕ್ಸನ್ನು ಬದಲಿಸುವ ಅಗತ್ಯ ಏಕೆ ಬಂತು? 1948ರ ಟ್ರಕ್ಕು ಹೊಲದಿಂದ ಪೇಟೆಗೆ, ಪೇಟೆಯಿಂದ ಹೊಲಕ್ಕೆ ಹೋಗಲು ಹುಟ್ಟಿದ್ದು. ಹೊರೆ ಎಳೆಯುವ ಶಕ್ತಿ ಬೇಕೆಂದು ಅದರ ಹಿಂದಿನ ಆಕ್ಸಲನ್ನು, ಎಂಜಿನ್ ಕಡೆಯ ಶಾಫ್ಟು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುವಂತೆ ಮಾಡಿದ್ದರು. ಮೊದಲ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಗೊರಗೊರ ಸದ್ದು. 1956ರಲ್ಲಿ ಅಮೆರಿಕ ತನ್ನ ಮಹಾಹೆದ್ದಾರಿಗಳ ಕಾಯಿದೆ ಮಾಡಿತು. ಆ ರಸ್ತೆಗಳ ವೇಗಕ್ಕೆ ಈ ಟ್ರಕ್ಕುಗಳನ್ನು ಓಡಿಸಿದರೆ ಎಂಜಿನ್ ಅರಚಿಕೊಳ್ಳುತ್ತದೆ. ಹಾಗಾಗಿ ಹಳೆಯ ಟ್ರಕ್ಕುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಅವುಗಳಿಗೆ ಇನ್ನೊಂದು ಮೇಲಿನ ಗೇರು ಕೂಡಿಸಲು ಹೊರಟರು.

ಇದನ್ನು ನಾನು ಕಣ್ಣಾರೆ ಕಂಡದ್ದು 2009ರಲ್ಲಿ, ಮಿಶಿಗನ್ ರಾಜ್ಯದ ಮಗಳ ಮನೆಗೆ ಹೋಗಿದ್ದಾಗ. ಪಕ್ಕದ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ಮಗ ಮತ್ತು ಹನ್ನೆರಡು ವರ್ಷದ ಮೊಮ್ಮಗಳೊಂದಿಗೆ ಇದ್ದರು. ಅವರ ತಂದೆಯ ಕಾಲದ, 1951ರ ಶೆವ್ರೊಲೆ ಅರ್ಧ ಟನ್ ಟ್ರಕ್ಕು ಶೆಡ್ಡಿನಲ್ಲಿತ್ತು. ಅದಕ್ಕೂ ಮುಂಚೆ ಅವರಲ್ಲಿದ್ದ ಹಳೆಯ ಟ್ರಕ್ಕಿನಲ್ಲಿ ಲಿವರ್ ನೆಲದಲ್ಲಿತ್ತಂತೆ. ಅಪ್ಪ ಮತ್ತು ಅಣ್ಣನ ನಡುವೆ ಕೂರುತ್ತಿದ್ದವರು ಇವರು. ಅಪ್ಪ ಮೂರನೆಯ ಗೇರಿಗೆ ಹಾಕಿದಾಗಲೆಲ್ಲ ಲಿವರ್ ಹಿಂದೆ, ಇವರ ಕಡೆಗೆ ಬರುತ್ತಿತ್ತು. "ಅಪ್ಪ ಕ್ಲಚ್ ತುಳಿದ ಸದ್ದು ಕೇಳಿದೊಡನೆ ಮೊಣಕಾಲು ಮಡಿಸುವುದು ನನಗೆ ರೂಢಿಯಾಗಿತ್ತು" ಎಂದು ನಕ್ಕರು. ಹೊಸ ಟ್ರಕ್ಕು ಬಂದ ದಿನ ಕಾಲು ಚಾಚಿ ಕೂತದ್ದು ಅವರಿಗೆ ಅದರ ಬಣ್ಣಕ್ಕಿಂತ ಚೆನ್ನಾಗಿ ನೆನಪಿತ್ತು.

ಮಗನಿಗೆ ಐದು ಗೇರಿನ ಹೊಸ ಬಾಕ್ಸ್ ಹಾಕುವ ಆಸೆ. ಅದು ಸುಲಭದ ದಾರಿ, ಬಹಳ ಮಂದಿ ಹಿಡಿಯುವ ದಾರಿ. ಆದರೆ ಅಂಥ ಬಾಕ್ಸಿನ ಪಕ್ಕೆಯಲ್ಲಿ ಎರಡು ತೋಳುಗಳಿಲ್ಲ. ಒಳಗೆ ಒಂದೇ ಸಲಾಕೆ; ಅದೇ ತಿರುಗಿ ಗೇರು ಆರಿಸಬೇಕು, ಅದೇ ಸರಿದು ಗೇರು ಹಾಕಬೇಕು. ಅದರ ಲಿವರ್ ನೆಟ್ಟಗೆ ಮೇಲಕ್ಕೆ, ನೆಲವನ್ನು ತೂತು ಮಾಡಿಕೊಂಡು ಬರುತ್ತದೆ. ಕಂಬದ ಲಿವರನ್ನು ಅದಕ್ಕೆ ಹೊಂದಿಸುವುದೆಂದರೆ ಎರಡು ಕಡ್ಡಿಗಳ ಮಾತನ್ನು ಒಂದು ಸಲಾಕೆಗೆ ಅನುವಾದಿಸುವ ಕೆಲಸ, ಕೈಹಾಕುವವರು ವಿರಳ. ತಾಯಿ ಮಾತ್ರ ಪಟ್ಟು ಬಿಡಲಿಲ್ಲ. "ನಾವು ಮೂವರಿದ್ದೇವೆ. ಮೂವರಿಗೂ ಜಾಗ ಇರಬೇಕು." ಟ್ರಕ್ಕು ಅವರ ಹೆಸರಿನಲ್ಲಿತ್ತು. ಮಾತು ಅಲ್ಲಿಗೆ ಮುಗಿಯಿತು.

ಆಗ ಮಗ ಹುಡುಕಿದ್ದು ಇನ್ನೊಂದು ಬಗೆಯ ಬಾಕ್ಸ್. ಅಲ್ಲಿ ಗೇರ್ ಬಾಕ್ಸುಗಳನ್ನು ಊರಿನ ಹೆಸರಿನಿಂದ ಕರೆಯುತ್ತಾರೆ. ನಮಗೆ ಧಾರವಾಡ ಪೇಡೆ, ಇಳಕಲ್ ಸೀರೆ ಇದ್ದಂತೆ ಅವರಿಗೆ ಮನ್ಸಿ ಬಾಕ್ಸ್, ಸ್ಯಾಗಿನಾ ಬಾಕ್ಸ್. ಎರಡೂ ಅವು ತಯಾರಾದ ಊರುಗಳು. ಮಗ ತಂದದ್ದು 1955ರಿಂದ ಶೆವ್ರೊಲೆಯಲ್ಲಿ ಹೆಚ್ಚುವರಿಯಾಗಿ ಸಿಗುತ್ತಿದ್ದ, ಬೆನ್ನಿಗೆ ಓವರ್‌ಡ್ರೈವ್ ಅಂಟಿಕೊಂಡ ಮೂರು ಗೇರಿನ ಬಾಕ್ಸ್. ಅದರ ಪಕ್ಕೆಯಲ್ಲಿ ಎರಡು ತೋಳುಗಳಿದ್ದವು. ಓವರ್‌ಡ್ರೈವಿಗೆ ಬೇರೆ ಲಿವರ್ ಬೇಡ. ಗಂಟೆಗೆ ಸುಮಾರು 45 ಕಿ.ಮೀ. ದಾಟಿದ ಮೇಲೆ ಒಂದು ಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದು ತಾನೇ ಕೂಡಿಕೊಳ್ಳುತ್ತದೆ. ಎಂಜಿನ್ ಹತ್ತು ಸುತ್ತು ಸುತ್ತುತ್ತಿದ್ದಲ್ಲಿ ಏಳು ಸುತ್ತು ಸಾಕಾಗುತ್ತದೆ.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ ಅನ್ನಿ. ಹಳೆಯ ಟ್ರಕ್ಕಿನ ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ಒಂದು ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. 1955ರ ಬದಲಾವಣೆಯ ಮೇಲಿನದು ಬಯಲು ಶಾಫ್ಟು. ಆದ್ದರಿಂದ ಹಿಂದಿನ ಆಕ್ಸಲನ್ನೇ ಬದಲಿಸಬೇಕಾಯಿತು. ಮನೆಗೆ ಸೊಸೆ ಬಂದರೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸುವಂತೆ. ಆಮೇಲೆ ಕಡ್ಡಿಗಳ ಸರದಿ. ಬಾಕ್ಸಿನ ಕಡೆಯ ತೋಳು ಉದ್ದವಾದರೆ ಲಿವರನ್ನು ಹೆಚ್ಚು ದೂರ ತಿರುಗಿಸಬೇಕು. ಗಿಡ್ಡವಾದರೆ ಕೈಗೆ ಭಾರ. ತೋಳು ಮೇಲ್ಮುಖವಾಗಿರುವ ಬದಲು ಕೆಳಮುಖವಾಗಿದ್ದರೆ ಎಲ್ಲವೂ ಉಲ್ಟಾ: ಮೊದಲ ಗೇರಿಗೆ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ! ಮಗ ಎರಡೂ ತೋಳುಗಳನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಕಂಬದ ಬುಡದ ತೋಳುಗಳನ್ನು ಒಂದೇ ಸಾಲಿಗೆ ತಂದು, ಆಮೇಲೆ ಕಡ್ಡಿಯ ಅಳತೆ ತೆಗೆದು ಕತ್ತರಿಸಿದ. ತುದಿಗೆ ಮರೆ ಕೊರೆದು, ಅರ್ಧ ಸುತ್ತು, ಕಾಲು ಸುತ್ತು ತಿರುಗಿಸುತ್ತ ಹೊಂದಿಸಿದ. ಇದಕ್ಕೇ ಮೂರು ಶನಿವಾರ ಹಿಡಿಯಿತು. ಮೊಮ್ಮಗಳು ಕ್ಯಾಬಿನ್ನಿನಲ್ಲಿ ಕೂತು ಲಿವರ್ ಆಡಿಸುತ್ತ, ಸಿಕ್ಕಿತು, ಸಿಕ್ಕಲಿಲ್ಲ ಎಂದು ಕೂಗಿ ಹೇಳುತ್ತಿದ್ದಳು. ಕೊನೆಗೆ ಮೂರು ಸೊಂಟದ ಬೆಲ್ಟುಗಳನ್ನೂ ಕ್ಯಾಬಿನ್ನಿಗೆ ಬಿಗಿದರು. ಮೊದಲ ದಿನ ಅಜ್ಜಿ ಬಾಗಿಲ ಬದಿಯಲ್ಲಿ, ಮೊಮ್ಮಗಳು ನಡುವೆ ಕೂತು ಹೋದದ್ದನ್ನು ನಾನು ಅಂಗಳದಿಂದ ನೋಡಿದೆ.

ಈ ಲಿವರ್ ನಮಗೆ ಪರದೇಶದ ವಸ್ತುವೇನಲ್ಲ. 1928ರಿಂದ 1954ರವರೆಗೆ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲೇ ಶೆವ್ರೊಲೆ ಕಾರು, ಟ್ರಕ್ಕುಗಳನ್ನು ಜೋಡಿಸುತ್ತಿತ್ತು. ಆಮೇಲೆ ನಮ್ಮ ಊರುಗಳಿಗೆ ಕಂಬದ ಗೇರನ್ನು ತಂದುಕೊಟ್ಟದ್ದು 1957ರಲ್ಲಿ ಶುರುವಾದ ಅಂಬಾಸಿಡರ್ ಮತ್ತು 1974ರಲ್ಲಿ ಪದ್ಮಿನಿ ಎಂದು ಹೆಸರು ಪಡೆದ ಫಿಯೆಟ್. ನಮ್ಮ ಚಾಲಕರ ಬಾಯಲ್ಲಿ ಅದು ಹ್ಯಾಂಡ್ ಗೇರ್. ಅಂಬಾಸಿಡರಿನಲ್ಲಿ ಮದುವೆಗೆ ಹೊರಟವರಿಗೆ ಲೆಕ್ಕ ಗೊತ್ತು. ಮುಂದೆ ಚಾಲಕ, ಬಾಗಿಲ ಬದಿಗೆ ಮನೆಯ ಹಿರಿಯರು, ನಡುವೆ ಒಬ್ಬ ಹುಡುಗ. ಹಿಂದೆ ಹೆಂಗಸರು ಐವರು, ತೊಡೆಯ ಮೇಲೆ ಮಕ್ಕಳು, ಕಾಲ ಬಳಿ ತಿಂಡಿಯ ಡಬ್ಬ. ಅಮೆರಿಕದ ಲಿವರ್ ಹೆಂಗಸಿಗೂ ಮುಂದೆ ಜಾಗ ಮಾಡಿಕೊಟ್ಟಿತು. ಅದೇ ಲಿವರ್ ನಮ್ಮಲ್ಲಿ ಇನ್ನೊಬ್ಬ ಗಂಡಸಿಗೆ ಜಾಗ ಮಾಡಿತು. ಯಂತ್ರ ಜಾಗವನ್ನಷ್ಟೇ ಕೊಡುತ್ತದೆ, ಅಲ್ಲಿ ಯಾರು ಕೂರಬೇಕೆಂದು ಹೇಳುವವರು ಮನೆಯಲ್ಲಿರುತ್ತಾರೆ.

1990ರ ದಶಕದ ಮೊದಲ ವರ್ಷಗಳಲ್ಲಿ ಅಂಬಾಸಿಡರಿಗೆ ಜಪಾನಿನ ಇಸುಜು ಎಂಜಿನ್ನೂ ಐದು ಗೇರಿನ ಬಾಕ್ಸೂ ಬಂದವು. ಮಿಶಿಗನ್ನಿನ ಶೆಡ್ಡಿನಲ್ಲಿ ಎದ್ದ ಪ್ರಶ್ನೆಯೇ ಕಾರ್ಖಾನೆಯ ಮುಂದೆಯೂ ಎದ್ದಿರಬೇಕು. ಅದು ಎರಡೂ ಬಗೆಯ ಸೀಟುಗಳನ್ನು ಮಾರಿತು. ಬೇರೆ ಬೇರೆ ಬಕೆಟ್ ಸೀಟು ಬೇಕೆಂದವರಿಗೆ ಲಿವರ್ ನೆಲಕ್ಕೆ ಇಳಿಯಿತು. ಗೇರು ಎಲ್ಲಿರಬೇಕೆಂದು ತೀರ್ಮಾನಿಸಿದ್ದು ಎಂಜಿನ್ ಅಲ್ಲ, ಸೀಟು.

ಬೆಂಚು ಸೀಟು ಹೋದದ್ದಕ್ಕೆ ನಾನು ಅಳುತ್ತಿಲ್ಲ. ಬೆಲ್ಟಿಲ್ಲದ ಕಾಲದಲ್ಲಿ ಗಾಡಿ ಗಕ್ಕನೆ ನಿಂತರೆ ನಡುವಿನ ಮಗುವನ್ನು ತಡೆಯಲು ಇದ್ದದ್ದು ತಾಯಿಯ ಅಡ್ಡಗೈ ಒಂದೇ. ಅದು ಎಷ್ಟನ್ನು ತಡೆದೀತು? ಒಬ್ಬೊಬ್ಬರಿಗೆ ಒಂದೊಂದು ಸೀಟು, ಭುಜದ ಬೆಲ್ಟು ಬಂದದ್ದು ಒಳ್ಳೆಯದೇ. ಶೆವ್ರೊಲೆ ಟ್ರಕ್ಕುಗಳಲ್ಲಿ ಮರದ ಮೇಲಿನ ಮೂರು 1987ಕ್ಕೆ ಕೊನೆಯಾಯಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಇನ್ನು ಇವನ್ನೆಲ್ಲ ವಸ್ತುಸಂಗ್ರಹಾಲಯಗಳಲ್ಲಿ ನೋಡಬೇಕು. ಅಲ್ಲಿ ಫಲಕದ ಮೇಲೆ ಎಂಜಿನ್ನಿನ ಅಳತೆ ಬರೆದಿರುತ್ತಾರೆ. ನೀವು ಹೋದಾಗ ಒಮ್ಮೆ ಕಿಟಕಿಯಿಂದ ಬಗ್ಗಿ ಮುಂದಿನ ಸೀಟನ್ನೂ ನೋಡಿ. ನಡುವಿನ ಜಾಗದಲ್ಲಿ ಬಟ್ಟೆ ಎಷ್ಟು ಸವೆದಿದೆ ಎಂದು ನೋಡಿದರೆ ಅಲ್ಲಿ ಎಷ್ಟು ಜನ ಕೂತು ಎದ್ದರು ಎಂಬುದು ತಿಳಿಯುತ್ತದೆ.