ಮದುವೆ ಗೋಡೆಯಿಂದ ಇಳಿದ ಬಿಳಿ ಗೆರೆ

ಎರಡು ತ್ರಿಕೋನದ ಮೈ, ಕಡ್ಡಿಯಂಥ ಕೈಕಾಲು. ವಾರ್ಲಿ ಮನುಷ್ಯ ಈಗ ಕಾಫಿ ಮಗ್ಗಿನ ಮೇಲೂ ಕುಣಿಯುತ್ತಾನೆ, ಕುರ್ತಾದ ಅಂಚಿನಲ್ಲೂ. ಆದರೆ ಮುಂಬಯಿಗೆ ಉತ್ತರದ ಡಹಾಣು ಸೀಮೆಯಲ್ಲಿ ಅರ್ಧ ಶತಮಾನದ ಹಿಂದೆ ಅವನಿಗಿದ್ದ ಮುಖ್ಯ ಜಾಗ ಮದುವೆ ಮನೆಯ ಗೋಡೆ. ಬರೆಯುತ್ತಿದ್ದವರು ಮುತ್ತೈದೆಯರು. ಸಗಣಿ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚೌಕ ಎಳೆದು, ನಡುವೆ ಪಾಲಘಾಟ ದೇವಿಯನ್ನು ಕೂರಿಸದೆ ಮದುವೆ ನಡೆಯುತ್ತಿರಲಿಲ್ಲ. ಆಮೇಲೆ ಚಿತ್ರ ತಾನಾಗಿ ಮಾಸುತ್ತಿತ್ತು. ಬರೆದವಳ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಸಾಗರ, ಸೊರಬದ ಕಡೆ ದೀವರ ಹೆಂಗಸರ ಹಸೆ ಚಿತ್ತಾರ ಕಂಡವರಿಗೆ ಇದು ತೀರ ಹೊಸತೆನಿಸದು.

ಈ ಹೆಂಗಸರ ವಿದ್ಯೆಗೆ ಕೈಯಿಟ್ಟ ಗಂಡಸು ಜೀವ್ಯಾ ಸೋಮಾ ಮಾಶೆ (1934–2018). ಏಳರ ಪ್ರಾಯದಲ್ಲಿ ತಾಯಿ ತೀರಿಕೊಂಡಾಗ ಹುಡುಗ ಮಾತು ಬಿಟ್ಟನಂತೆ. ಹೇಳಬೇಕಾದ್ದನ್ನು ಧೂಳಿನಲ್ಲಿ ಬರೆದು ತೋರಿಸುತ್ತಿದ್ದ. 

1970ರ ದಶಕದಲ್ಲಿ ಭಾಸ್ಕರ ಕುಲಕರ್ಣಿ ಆ ಹಾಡಿಗಳಿಗೆ ಕಾಗದ ತಂದರು. ಮಿಥಿಲೆಯ ಹೆಂಗಸರ ಕೈಗೂ ಹಿಂದೆ ಕಾಗದ ಕೊಟ್ಟವರು ಅವರೇ. ಜೀವ್ಯಾ ಅದರ ಮೇಲೆ ದೇವಿಯ ಚೌಕದಾಚೆಗೂ ಹೋದರು: ಗದ್ದೆ, ಇರುವೆ ಸಾಲು, ತಾರ್ಪಾ ವಾದ್ಯದ ಸುತ್ತ ಸುರುಳಿಯಾಗಿ ಕುಣಿಯುವ ಜನ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಅವರ ಮೀನುಬಲೆ. ಚಿತ್ರದ ಬಹುಪಾಲನ್ನು ಬರೀ ಸಣ್ಣ ಸಣ್ಣ ಕಣ್ಣುಗಳೇ ತುಂಬಿವೆ. ಒಂದೊಂದನ್ನೂ ಕೈಯಿಂದಲೇ ಎಳೆದದ್ದರಿಂದ ಒಂದರಂತೆ ಒಂದಿಲ್ಲ, ಬಲೆ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ. ಅಂಗಡಿಯ ಮಗ್ಗಿನ ಮೇಲಿರುವುದು ಆಕಾರ ಮಾತ್ರ. ಈ ಅಲುಗಾಟ ಅಲ್ಲಿಲ್ಲ. ಮುಂದೆ ಕ್ಯಾನ್ವಾಸು, ಅಕ್ರಿಲಿಕ್ ಬಿಳಿ ಬಂದವು. ಆಗಲೂ ಬಟ್ಟೆಗೆ ಸಗಣಿ ಬಳಿಯುವುದನ್ನು ಅವರು ಬಿಡಲಿಲ್ಲ.

1976ರಲ್ಲಿ ರಾಷ್ಟ್ರ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂದವು. ಅವರು ಸಂಪ್ರದಾಯ ಮುರಿದರು ಎನ್ನುವವರಿದ್ದಾರೆ, ಉಳಿಸಿದರು ಎನ್ನುವವರೂ ಇದ್ದಾರೆ. ಎರಡೂ ನಿಜವೆಂದೇ ನನಗೆ ತೋರುತ್ತದೆ. ಮದುವೆಯಿಲ್ಲದ ದಿನವೂ ಬರೆಯಬಹುದು, ಬರೆದದ್ದನ್ನು ಮಾರಬಹುದು ಎಂದಾದದ್ದರಿಂದಲೇ ಆ ಗೆರೆ ಊರು ದಾಟಿತು; ದಾಟುವಾಗ ಅದಕ್ಕೆ ಅಂಟಿದ್ದು ಒಬ್ಬ ಗಂಡಸಿನ ಹೆಸರು. ಅವರ ಮಕ್ಕಳಾದ ಸದಾಶಿವ ಮತ್ತು ಬಾಳು ಕೂಡ ಚಿತ್ರಕಾರರು. ಚೌಕ ಬರೆದು ಅವರ ತಂದೆಗೆ ದಾರಿ ತೋರಿದ ಹೆಂಗಸರ ಹೆಸರು ಯಾವ ಕ್ಯಾನ್ವಾಸಿನ ಮೂಲೆಯಲ್ಲೂ ಇಲ್ಲ.